ನಾಯಿಗೆ ಹೆಸರಿದ್ದ ಬಂಗಲೆ

ನನ್ನ ಸೋದರತ್ತೆಗೆ ಒಂದು ಇಡೀ ದಿನ ಸಿಟ್ಟು ಬರಲಿಲ್ಲವೆಂದರೆ ಜ್ವರ ನೋಡಬೇಕು. ನಾನು ನರ್ಸು, ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಬಾಣಂತನಕ್ಕೆಂದು ಭಟ್ಕಳದ ತೆಂಗಿನಗುಂಡಿಯಿಂದ ಇಂಗ್ಲೆಂಡಿಗೆ ಬಂದವಳು ವಿಮಾನದಲ್ಲೇ ಒಂದು ಜಗಳ ಮುಗಿಸಿ ಇಳಿದಿದ್ದಳು. ಭಾಷೆ ಬಾರದೆ ಜಗಳ ಹೇಗೆ ಆಡಿದಳೆಂದು ಕೇಳಬೇಡಿ. ಸಿಟ್ಟಿಗೆ ಭಾಷೆ ಬೇಕೇ?

ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಒಂದು ಭಾನುವಾರ ಅದನ್ನು ನನ್ನ ಗಂಡನ ಕೈಗೊಪ್ಪಿಸಿ, ಹತ್ತಿರದ ಹಳ್ಳಿಯ ಹಳೇ ಜಮೀನ್ದಾರರ ಬಂಗಲೆ ತೋರಿಸಲು ಅತ್ತೆಯನ್ನು ಕರೆದೊಯ್ದೆ. ಮುನ್ನೂರು ವರ್ಷದ ಮನೆ, ಸುತ್ತ ದೊಡ್ಡ ತೋಟ. ಟಿಕೆಟ್ ತೆಗೆದರೆ ಯಾರು ಬೇಕಾದರೂ ನೋಡಬಹುದು.

ಮೊದಲ ಕೋಣೆಯಲ್ಲೇ ಶುರುವಾಯಿತು. ರೇಷ್ಮೆ ಹೊದಿಸಿದ ಕುರ್ಚಿಗಳ ಮೇಲೆ ಒಂದೊಂದು ಒಣಗಿದ ಮುಳ್ಳುಹೂವು ಇಟ್ಟಿದ್ದರು. ಯಾರೂ ಕೂರದಿರಲಿ ಎಂದು ಹಾಗೆ ಇಡುತ್ತಾರೆಂದು ವಿವರಿಸಿದೆ.

"ಮನೆಗೆ ಬಂದೋರು ಕೂತ್ಕಬಾರ್ದು ಅಂತ ಮುಳ್ಳು ಇಡೂದಾ? ಇದೆಂತ ಮರ್ಯಾದೆ ತಂಗಿ? ನಮ್ಮಲ್ಲಿ ಮೀನು ಮಾರುಕೆ ಬಂದೋಳಿಗೂ ಮಣೆ ಕೊಡ್ತ್ರು."

ಕೋಣೆ ನೋಡಿಕೊಳ್ಳಲು ಸಂಬಳವಿಲ್ಲದೆ ತಾವಾಗಿ ಬರುವ ಆ ಊರಿನ ಮುದುಕರೊಬ್ಬರು ಅಲ್ಲಿ ನಿಂತಿದ್ದರು. ಅತ್ತೆ ಏನಂದರು ಎಂದು ನನ್ನನ್ನು ಕೇಳಿದರು. ಕುರ್ಚಿ ಬಹಳ ಚೆನ್ನಾಗಿದೆಯಂತೆ ಎಂದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ತಾವೇ ನಮ್ಮನ್ನು ಸುತ್ತಿಸಲು ಹೊರಟುಬಿಟ್ಟರು.

ತೋಟದಲ್ಲಿ ಪೊದೆಗಳನ್ನು ಕತ್ತರಿಸಿ ನವಿಲು, ಆನೆ ಮಾಡಿದ್ದರು. ಕಣ್ಣು ಹಾಯುವಷ್ಟು ದೂರ ಹುಲ್ಲುಹಾಸು.

"ಇಷ್ಟು ಜಾಗದಲ್ಲಿ ಒಂದು ಬದನೆಗಿಡ ಇಲ್ಲ. ಆತು, ಹುಲ್ಲೇ ಬೆಳ್ಸ್ಲಿ. ದನ ಎಲ್ಲಿ?"

"ದನ ಇಲ್ಲ ಅತ್ತೆ. ಇದು ಚೆಂದಕ್ಕೆ."

"ಹಂಗಾರೆ ಹುಲ್ಲು ಯಾರು ತಿಂತ್ರು?"

ಮುದುಕರು ನನ್ನತ್ತ ನೋಡಿದರು. ಹುಲ್ಲು ತುಂಬ ಹಸಿರಾಗಿದೆಯಂತೆ ಎಂದೆ.

ಒಂದು ಮರದಡಿ ಸಾಲಾಗಿ ಸಣ್ಣ ಸಣ್ಣ ಕಲ್ಲುಗಳಿದ್ದವು. ಮನೆಯ ನಾಯಿಗಳ ಸಮಾಧಿ. ಪ್ರತಿಯೊಂದರ ಮೇಲೂ ನಾಯಿಯ ಹೆಸರು, ಅದರ ಗುಣ ಕೆತ್ತಿಸಿದ್ದರು. ಓದಿ ಹೇಳಿದೆ. ಅಲ್ಲಿ ಮಾತ್ರ ಅತ್ತೆ ಬೈಯಲಿಲ್ಲ. "ಪಾಪ, ಸಾಕಿದ್ದು" ಅಂದಳು. ನನಗೆ ಹೋದ ಜೀವ ಬಂತು.

ಕೊನೆಗೆ ನೆಲಮಾಳಿಗೆಯ ಅಡಿಗೆಮನೆ. ಹೊನ್ನಾವರದ ಹಾಸ್ಟೆಲೊಂದರಲ್ಲಿ ಮೂವತ್ತು ವರ್ಷ ಅಡಿಗೆ ಮಾಡಿದವಳು ಅತ್ತೆ. ಒಲೆಯ ಬಾಯಿ ಬಗ್ಗಿ ನೋಡಿದಳು, ತಾಮ್ರದ ಪಾತ್ರೆಗಳ ತಳ ನೋಡಿದಳು. ಆಮೇಲೆ ಗೋಡೆಯ ಮೇಲಿನ ಹಳೇ ಫೋಟೊದ ಮುಂದೆ ನಿಂತಳು. ಮುಂದುಗಡೆ ಕುರ್ಚಿಯ ಮೇಲೆ ಒಂದು ನಾಯಿ, ಹಿಂದೆ ಮನೆಯ ಆಳುಗಳು.

"ಇವಳು ಅಡಿಗೆಯವಳು" ಎಂದು ದಪ್ಪಗಿನ ಹೆಂಗಸೊಬ್ಬಳನ್ನು ತೋರಿಸಿದಳು. "ಏಪ್ರನ್ನಿನಡಿ ಕೈ ಅಡಗ್ಸಿಟ್ಕಂಡಿದ್ಲು ನೋಡು. ಸುಟ್ಟ ಕಲೆ ಇರ್ತದೆ. ಕೆಳಗೆ ಎಂತ ಬರ್ದಿದ್ರು?"

ಓದಿದೆ. ನಾಯಿಯ ಹೆಸರಿತ್ತು. ಅವಳದಿರಲಿಲ್ಲ, ಅಡಿಗೆಯವಳು ಎಂದಷ್ಟೇ ಇತ್ತು.

ಅತ್ತೆಯ ಮುಖ ಕೆಂಪಾಯಿತು. "ಕೇಳು ಅವ್ರ ಹತ್ರ. ದಿನಾ ಇವಳು ಬೇಯ್ಸಿ ಹಾಕಿದ್ದು ಉಂಡೋರಿಗೆ ಇವಳ ಹೆಸರು ಗೊತ್ತಿರ್ಲಿಲ್ವಾ? ಮತ್ತೆ ಈ ಸಲ ಸುಳ್ಳು ಹೇಳ್ಬೇಡ. ನಾ ಹೇಳಿದ್ದನ್ನೇ ಹೇಳು."

ಹೇಳಿದೆ. ಮುದುಕರು ಹತ್ತಿರ ಬಗ್ಗಿ ಫೋಟೊ ನೋಡಿದರು. ಇಷ್ಟು ವರ್ಷದಿಂದ ಇಲ್ಲಿಗೆ ಬರುತ್ತಿದ್ದೇನೆ, ನಾನೂ ಕೇಳಿರಲಿಲ್ಲ ಎಂದರು. ಹಳೇ ಕಾಗದಪತ್ರಗಳಲ್ಲಿ ಹುಡುಕುತ್ತೇನೆಂದು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಗುರುತು ಹಾಕಿಕೊಂಡರು. ಕೇಳಿದವರು ಯಾರೆಂದೂ ಬರೆದುಕೊಳ್ಳಬೇಕಲ್ಲ, ಅತ್ತೆಯ ಕಡೆ ತಿರುಗಿ ಅವಳ ಹೆಸರು ಕೇಳಿದರು.

ಅಷ್ಟು ಇಂಗ್ಲಿಷು ಅತ್ತೆಗೆ ಅರ್ಥವಾಯಿತು. ಹಾಸ್ಟೆಲಿನ ಮಕ್ಕಳಿಗೆ ಅವಳು ಅಡಿಗೆ ಅಕ್ಕ, ವಾರ್ಡನ್ನಿಗೆ ಅಡಿಗೆಯವಳು, ನಮಗೆ ಅತ್ತೆ. ಸೆರಗು ಸರಿಮಾಡಿಕೊಂಡು, ತನ್ನ ಹೆಸರು, ತಂದೆಯ ಹೆಸರು, ಊರು ಎಲ್ಲ ಸೇರಿಸಿ ಮೆಲ್ಲಗೆ ಹೇಳಿದಳು. ಮುದುಕರು ಬರೆದುಕೊಂಡು, ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಎಲ್ಲವನ್ನೂ ತಪ್ಪು ಓದಿದರು.

ಅತ್ತೆ ತಿದ್ದಲಿಲ್ಲ.

"ಇನ್ನೊಂದ್ಸಲ ಓದುಕೆ ಹೇಳು ತಂಗಿ" ಅಂದಳು.