ಡೈ ಪಟ್ಟಿಯ ಯಜಮಾನಿಕೆ

ದುಡಿದು ಮೇಲೆ ಬಂದವನಿಗೆ ಒಂದು ರೋಗ ಇರುತ್ತದೆ, ತನ್ನದನ್ನು ಇನ್ನೊಬ್ಬರು ಮುಟ್ಟಿದರೆ ಸಹಿಸುವುದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಲೇತ್ ಮುಂದೆ ನಿಂತವನು ನಾನು. ಅಳತೆ ನೋಡುವ ನನ್ನ ವರ್ನಿಯರನ್ನು ಸ್ವಂತ ತಮ್ಮನಿಗೂ ಕೊಟ್ಟವನಲ್ಲ. ಹೀಗಿರುವಾಗ ಸುಂಕದಕಟ್ಟೆಯ ನನ್ನ ವರ್ಕ್‌ಶಾಪಿಗೆ ಕಂಪ್ಯೂಟರ್ ಬಂತು. ಗಿರಾಕಿಗಳು ಬಿಟ್ಟುಹೋಗುವ ಡೈಗಳಲ್ಲಿ, ಅಂದರೆ ಉಕ್ಕಿನ ಅಚ್ಚುಗಳಲ್ಲಿ, ಯಾವುದು ಯಾರದು ಅನ್ನುವುದಕ್ಕೆ ಒಂದು ಟೇಬಲ್, ಅಂದರೆ ಪಟ್ಟಿ. ಯಾವುದು ಯಾವ ರ‍್ಯಾಕಿನಲ್ಲಿದೆ ಅನ್ನುವುದಕ್ಕೆ ಇನ್ನೊಂದು. ಅದನ್ನು ಮಾಡಿಕೊಟ್ಟ ಗಿರೀಶ್ ಕೇಳಿದರು, "ಟೇಬಲ್‌ಗಳ ಓನರ್ ಯಾರ ಹೆಸರಲ್ಲಿರಲಿ ಸಾರ್?"

"ಶಾಪ್ ಯಾರದ್ರೀ?" ಎಂದೆ.

ಸ್ಟೋರ್ ನೋಡಿಕೊಳ್ಳುವ ರತ್ನಮ್ಮನಿಗೆ ನೋಡುವ ಅಧಿಕಾರ ಮಾತ್ರ. ಡೈ ಜಾಗ ಬದಲಾದರೆ ಆಕೆ ಚೀಟಿ ಬರೆದಿಟ್ಟು ನನಗಾಗಿ ಕಾಯಬೇಕು. ನಾನೋ ಕೆಂಗೇರಿಯಲ್ಲಿ ಯಾವುದೋ ಗಿರಾಕಿಯ ಜೊತೆ ಕಾಫಿ ಕುಡಿಯುತ್ತಿರುತ್ತಿದ್ದೆ. ಎರಡು ತಿಂಗಳು ಸಹಿಸಿ ರತ್ನಮ್ಮ ಒಂದು ದಿನ ಅಂದರು, "ಅಣ್ಣ, ಹನ್ನೊಂದು ವರ್ಷ ಆಯ್ತು. ನಂಬಿಕೆ ಇಲ್ಲ ಅಂದ್ರೆ ಹೇಳ್ಬಿಡಿ. ಮಾಗಡಿ ರೋಡಲ್ಲೇ ಬೇರೆ ಕಡೆ ಕರೀತಾ ಇದಾರೆ." ಅವರಿಲ್ಲದೆ ಸ್ಟೋರ್ ನಡೆಯದು ಅಂತ ಗೊತ್ತಿತ್ತು. ಬಾಯಿ ಮಾತ್ರ, "ನೋಡೋಣ ಬಿಡಿ ರತ್ನಮ್ಮ" ಅಂದಿತು.

ಸಂಜೆ ಮಷೀನಿನ ಮೇಲಿನ ಕಬ್ಬಿಣದ ಸುರುಳಿ ಗುಡಿಸದೆ ಹೋದರೆ ಲೇತ್ ಕೆಲಸದವನಿಗೆ ಊಟ ಸೇರದು. ಅದೇ ಅಭ್ಯಾಸದಲ್ಲಿ ಒಂದು ಸಂಜೆ ಕಂಪ್ಯೂಟರನ್ನೂ ಗುಡಿಸಲು ಕೂತೆ. ಎರಡು ಟೇಬಲ್‌ಗಳಲ್ಲೂ ಅವೇ ಡೈ ನಂಬರುಗಳು. ಒಂದು ದಂಡ ಅನ್ನಿಸಿತು, ಅಳಿಸಲು ಹೋದೆ. ಖಾತ್ರಿಯಾ ಅಂತ ಕೇಳಿತು. ಓನರನ್ನೇ ಪ್ರಶ್ನೆ ಮಾಡುತ್ತದಲ್ಲ ಅಂತ ಸಿಟ್ಟಿನಲ್ಲೇ ಒತ್ತಿದೆ. ಹೋದದ್ದು ರ‍್ಯಾಕಿನ ಪಟ್ಟಿ.

ಗಿರೀಶ್ ಹತ್ತಿರ ಇದ್ದ ನಕಲು ಹಳೆಯದು. ಆಮೇಲಿನದನ್ನೆಲ್ಲ ರತ್ನಮ್ಮ ಮೂರು ದಿನ ಕಣ್ಣು ಮುಚ್ಚಿ ನೆನೆಸಿಕೊಂಡು ಹೇಳಿದರು. ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಬರೆಯುವ ಅಧಿಕಾರ ನನಗೊಬ್ಬನಿಗೇ ಇತ್ತಲ್ಲ. ತಪ್ಪಾದದ್ದೆಲ್ಲ ನನ್ನ ಬೆರಳಿನದು.

ನಾಲ್ಕನೇ ದಿನ ಗಿರೀಶ್‌ಗೆ ಹೇಳಿದೆ, "ಅಳಿಸೋ ಅಧಿಕಾರ ನನ್ನಿಂದ ತೆಗೆದುಬಿಡಿ."

"ಓನರ್ ಆಗಿರೋ ತನಕ ಅದು ಹೋಗಲ್ಲ ಸಾರ್."

"ಹಾಗಾದ್ರೆ ರತ್ನಮ್ಮನ ಹೆಸರಿಗೆ ಮಾಡಿ" ಎಂದೆ. ಆಕೆಯ ಬಾಯಲ್ಲಿ ಬೇರೆ ಕಡೆಯ ಕೆಲಸದ ಮಾತು ಮತ್ತೆ ಬರಲಿಲ್ಲ. ಅಧಿಕಾರ ಕೊಡುವುದು, ಹಿಂದಕ್ಕೆ ತೆಗೆದುಕೊಳ್ಳುವುದು ಎರಡನ್ನೂ ಗಿರೀಶ್ ಆಕೆಗೆ ಕಲಿಸಿಕೊಟ್ಟರು.

ಮೊನ್ನೆ ಒಬ್ಬ ಗಿರಾಕಿಯ ಹೆಸರು ತಿದ್ದಬೇಕಿತ್ತು. ರತ್ನಮ್ಮನ ಹತ್ತಿರ ಹೋಗಿ ಬರೆಯುವ ಅಧಿಕಾರ ಕೇಳಿದೆ.

"ಏನಕ್ಕೆ ಅಣ್ಣ?"

ಹೇಳಿದೆ.

"ಕೊಟ್ಟಿದೀನಿ. ಸಂಜೆ ವಾಪಸ್ ತಗೋತೀನಿ."

ಕೆಲಸದವರೆಲ್ಲ ನೋಡುತ್ತಿದ್ದರು, ಗತ್ತಿನಿಂದ "ಹೂಂ" ಎಂದೆ. ಸಂಜೆ ಐದಕ್ಕೆ, ತೆಗೆದರೋ ಇಲ್ಲವೋ ಅಂತ ಗುಟ್ಟಾಗಿ ಕಂಪ್ಯೂಟರಿನಲ್ಲಿ ಒತ್ತಿ ನೋಡಿದೆ. ತೆಗೆದಿದ್ದರು. ಸಮಾಧಾನವಾಯಿತು. ನನ್ನಂಥವನ ಕೈಯಲ್ಲಿ ಅದನ್ನು ಬಿಟ್ಟು ಮನೆಗೆ ಹೋಗುವಷ್ಟು ಮರೆವು ಅವರಿಗಿನ್ನೂ ಬಂದಿಲ್ಲ.