ಹಾಕೋದು ಡಾಕ್ಟ್ರು, ಕಾಯೋದು ನಾವು

ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ಹದಿನಾಲ್ಕು ವರ್ಷವಾಯಿತು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ತೂರಿಸುವ ಸಣ್ಣ ಪೈಪಿಗೆ ಸೆಂಟ್ರಲ್ ಲೈನ್ ಅಂತಾರೆ. ಹಾಕೋದು ಡಾಕ್ಟ್ರು, ಅದಕ್ಕೆ ಸೋಂಕು ತಗಲದಂತೆ ಕಾಯೋದು ನಾವು. ಕೀಟಾಣುಗಳ ಜೊತೆ ಹೇಗೋ ಏಗಬಹುದು. ಮನುಷ್ಯರ ಜೊತೆ ಏಗಿ ಏಗಿ ಸಾಕಾಗಿದೆ.

ಜಾರುವ ಕನ್ನಡಕ

ಹೊಸದಾಗಿ ಸೇರಿದ ಡಾಕ್ಟರೊಬ್ಬರು ಲೈನ್ ಹಾಕಲು ನಿಂತಿದ್ದರು. ಕೈ ತೊಳೆದು, ಗೌನು ಗ್ಲೌಸ್ ತೊಟ್ಟ ಮೇಲೆ ಅವರು ಬೇರೇನನ್ನೂ ಮುಟ್ಟುವಂತಿಲ್ಲ. ಮುಟ್ಟಿದರೆ ತಡೆಯುವುದು ನನ್ನ ಕೆಲಸ. ಸೂಜಿ ಎತ್ತಿಕೊಳ್ಳುವ ಮುಂಚೆ ಬೆರಳಲ್ಲಿ ಕನ್ನಡಕ ಮೇಲಕ್ಕೆ ತಳ್ಳಿದರು.

“ಗ್ಲೌಸ್ ಬದಲಾಯಿಸಿ ಡಾಕ್ಟ್ರೇ,” ಅಂದೆ.

ಬದಲಾಯಿಸಿದರು. ಕನ್ನಡಕ ಮತ್ತೆ ಜಾರಿತು, ಮತ್ತೆ ತಳ್ಳಿದರು. “ಅಭ್ಯಾಸ ಸಿಸ್ಟರ್, ಕೈ ತಾನಾಗೇ ಹೋಗುತ್ತೆ.”

ಮೂರನೇ ಜೊತೆ ಗ್ಲೌಸೂ ಹಾಳಾದ ಮೇಲೆ ನಾನೇ ಪ್ಲಾಸ್ಟರ್ ಹರಿದು ಕನ್ನಡಕವನ್ನು ಅವರ ಮೂಗಿಗೆ ಅಂಟಿಸಿಬಿಟ್ಟೆ. ಲೈನ್ ಸಲೀಸಾಗಿ ಹೋಯಿತು. ಅವರು ಪ್ಲಾಸ್ಟರ್ ಮರೆತು, ಮಾಸ್ಕ್ ತೆಗೆದು ಹೊರಗೆ ಹೋಗಿ, ರೋಗಿಯ ಹೆಂಡತಿಗೆ ಎಲ್ಲಾ ಚೆನ್ನಾಗಾಯಿತು ಅಂದರು. ಆಕೆ ಅವರ ಮೂಗನ್ನೇ ನೋಡುತ್ತಾ ದನಿ ತಗ್ಗಿಸಿದರು.

“ನಮ್ಮ ಯಜಮಾನ್ರು ಹೊಡೆದ್ರಾ ಸಾರ್? ಮೊದ್ಲಿಂದ್ಲೂ ಅವ್ರಿಗೆ ಕೋಪ ಜಾಸ್ತಿ.”

ಖಾಲಿ ಕವಲು

ಲೈನಿನ ಹೊರತುದಿಯಲ್ಲಿ ಔಷಧಿ ಬಿಡಲು ಮೂರು ಕವಲಿರುತ್ತವೆ. ಸಹಕಾರನಗರದ ತಾಯಿಯೊಬ್ಬರು ಮಗನನ್ನು ನೋಡಲು ಫ್ಲಾಸ್ಕ್ ಹಿಡಿದು ಬಂದರು.

“ಮೂರಲ್ಲಿ ಒಂದು ಖಾಲಿ ಇದೆಯಲ್ಲ, ಅದ್ರಲ್ಲಿ ಸ್ವಲ್ಪ ತಿಳಿಸಾರು ಬಿಡಿ ಸಿಸ್ಟರ್. ಮಗು ಬಾಯಿಗೆ ಮೂರು ದಿನದಿಂದ ಏನೂ ಹೋಗಿಲ್ಲ.”

ಮಗುವಿಗೆ ನಲವತ್ತೈದು ವರ್ಷ. ಈ ಪೈಪು ನೇರ ರಕ್ತಕ್ಕೆ ಹೋಗುತ್ತೆ, ಹೊಟ್ಟೆಗಲ್ಲ, ಸಾರು ಬಿಟ್ಟರೆ ಪ್ರಾಣಕ್ಕೇ ಅಪಾಯ ಅಂತ ಹತ್ತು ನಿಮಿಷ ವಿವರಿಸಿದೆ. ಎಲ್ಲಾ ಕೇಳಿ, ಅರ್ಥ ಆಯಿತೆಂದು ತಲೆಯಾಡಿಸಿ, ಫ್ಲಾಸ್ಕಿನ ಮುಚ್ಚಳ ತಿರುವಿದರು.

“ಸೋಸ್ಕೊಂಡೇ ಬಂದಿದೀನಿ. ಒಗ್ಗರಣೆನೂ ಹಾಕಿಲ್ಲ.”

ಅಜ್ಜಿಯ ಮೂಗು

ಚಿಕ್ಕಜಾಲದ ಅಜ್ಜಿಯೊಬ್ಬರಿಗೆ ಡಯಾಲಿಸಿಸ್‌ಗೆಂದು ಕುತ್ತಿಗೆಗೆ ಪೈಪು ಹಾಕಿದ್ದರು. ಹಿಂದಿನ ಸಲ ಪೈಪಿನಿಂದಲೇ ಸೋಂಕಾಗಿ, ಅವರು ಬದುಕಿ ಉಳಿದದ್ದೇ ಹೆಚ್ಚು. ನನಗೆ ಅದೇ ಭಯ. ಪಕ್ಕದಲ್ಲಿ ಕೂತು ಹೇಳಿಕೊಟ್ಟೆ. “ಅಜ್ಜಿ, ಯಾರೇ ಪೈಪು ಮುಟ್ಟೋಕೆ ಬಂದ್ರೂ ಕೈ ತೊಳೆದ್ರಾ ಅಂತ ಕೇಳಿ. ಸಂಕೋಚ ಬೇಡ.”

“ತೊಳ್ದೆ ಅಂತ ಸುಳ್ಳು ಏಳಿದ್ರೆ?”

“ಕೈ ತೊಳೆಯೋ ಔಷಧಿ ಘಮ್ ಅನ್ನುತ್ತೆ, ಗೊತ್ತಾಗುತ್ತೆ,” ಅಂದೆ. ಅಲ್ಲೇ ಎಡವಿದ್ದು.

ಮರುದಿನ ಬೆಳಗ್ಗೆ ದೊಡ್ಡ ಡಾಕ್ಟ್ರು ನಾಲ್ವರು ವಿದ್ಯಾರ್ಥಿಗಳೊಂದಿಗೆ ರೌಂಡ್ಸಿಗೆ ಬಂದರು. ಅವರೆದುರು ನಾವು ಉಸಿರನ್ನೂ ಮೆಲ್ಲಗೆ ಬಿಡುತ್ತೇವೆ. ಅವರು ಪೈಪಿನತ್ತ ಕೈ ಚಾಚಿದರು. ಅಜ್ಜಿ ಆ ಕೈ ಹಿಡಿದೆಳೆದು ಮೂಸಿದರು.

“ವಾಸ್ನೆ ಬರ್ತಿಲ್ಲ. ಓಗಿ ತೊಳ್ಕಂಡು ಬನ್ನಿ ಸ್ವಾಮಿ.”

ದೊಡ್ಡ ಡಾಕ್ಟ್ರು ತಿರುಗಿ ನನ್ನನ್ನು ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಅವರು ಹೋಗಿ ತೊಳೆದು ಬಂದು, ತಾವೇ ಕೈ ಚಾಚಿದರು. ಅಜ್ಜಿ ಪಾಸ್ ಮಾಡಿದರು. ವಿದ್ಯಾರ್ಥಿಗಳು ಹೇಳಿಸಿಕೊಳ್ಳದೆ ಸಾಲು ನಿಂತರು. ಒಬ್ಬ ಫೇಲಾದ.

ನನಗೋ ಒಳಗೊಳಗೇ ಹೆಮ್ಮೆ. ನಗು ಅದುಮಿಕೊಂಡು ಡ್ರೆಸ್ಸಿಂಗ್ ಸರಿಮಾಡಲು ಬಗ್ಗಿದೆ. ಅಜ್ಜಿ ನನ್ನ ಕೈಯನ್ನೂ ಹಿಡಿದು ಮೂಸಿ, ದೊಡ್ಡ ಡಾಕ್ಟ್ರ ಕಡೆ ತಿರುಗಿದರು.

“ಇವ್ಳುದು ಉಪ್ಪಿಟ್ಟು ವಾಸ್ನೆ ಸ್ವಾಮಿ.”

ದೊಡ್ಡ ಡಾಕ್ಟ್ರು ಪಕ್ಕಕ್ಕೆ ಸರಿದು, ಸಿಂಕಿಗೆ ಹೋಗಲು ನನಗೆ ದಾರಿ ಬಿಟ್ಟರು.