ಮೂಳೆಯಿಲ್ಲದ ಬೀಗರೂಟ

“ಭಾವ, ಇದನ್ನ ಒಸಡಿಗೆ ಅಂಟಿಸ್ಕಂಡು ಸುಮ್ಕೆ ಕೂತ್ಕಳಿ. ಭಾನುವಾರದೊಳಗೆ ದವಡೆ ದಪ್ಪ ಆಯ್ತದೆ,” ಎಂದು ಶಿವನಂಜು ಅಕ್ಕಿಕಾಳಿನಷ್ಟು ಯಂತ್ರವನ್ನು ಬೆರಳ ತುದಿಯಲ್ಲಿ ಹಿಡಿದು ಬೀಗಿದ.

ಮಳವಳ್ಳಿಯಲ್ಲಿ ಮಿಕ್ಸಿ ರಿಪೇರಿ ಮಾಡುವ ಈ ಭಾಮೈದನ ಯಂತ್ರಗಳ ರುಚಿಯನ್ನು ಚೆಲುವೇಗೌಡರು ಮೊದಲೇ ಕಂಡಿದ್ದರು. ಹೋದ ವರ್ಷ ಅವನ ಸೊಳ್ಳೆ ಓಡಿಸುವ ಯಂತ್ರ ಸೊಳ್ಳೆಗಳನ್ನು ಬಿಟ್ಟು ನೆಂಟರನ್ನು ಓಡಿಸಿತ್ತು. ಆದರೆ ಈಗ ಬೇರೆ ದಾರಿ ಎಲ್ಲಿದೆ? ಹಲ್ಲೆಲ್ಲ ಉದುರಿ ಕೆಳದವಡೆಯ ಮೂಳೆ ಸವೆದು ಹೋಗಿ, ಹಲ್ಲು ಸೆಟ್ಟು ಮಾತಿಗೊಮ್ಮೆ ಜಾರುತ್ತಿತ್ತು. “ಮೊದಲು ಮೂಳೆ ಕಸಿ ಮಾಡ್ಬೇಕು. ಆರು ತಿಂಗಳಾದ್ಮೇಲೆ ಇಂಪ್ಲಾಂಟ್ ಕೂರ್ಸೋಣ,” ಎಂದಿದ್ದರು ಹಲ್ಲಿನ ಡಾಕ್ಟರು. ಮಗಳು ಚಂದ್ರಿಕಾಳ ಬೀಗರೂಟಕ್ಕೆ ಉಳಿದದ್ದು ಆರೇ ದಿನ. ಬೀಗರಿಬ್ಬರೂ ಅಕ್ಕಪಕ್ಕ ಕೂತು ನಲ್ಲಿಮೂಳೆ ಕಡಿದರೇನೇ ಅವರ ಕಡೆ ಸಂಬಂಧ ಗಟ್ಟಿ. ಬೀಗರ ಮುಂದೆ ಸೆಟ್ಟು ಕಳಚಿ ಬಿದ್ದರೆ ಮಗಳು ಆ ಮನೆಯಲ್ಲಿ ತಲೆಯೆತ್ತುವುದು ಹೇಗೆಂಬುದೇ ಗೌಡರ ಚಿಂತೆ.

“ಮೂಳೆ ಎಲ್ಲಿಂದ ಬತ್ತದ್ಲಾ?”

“ಸುತ್ತಮುತ್ತ ಎಲ್ಲಿ ಸುಣ್ಣದಂಶ ಅದೋ ಅಲ್ಲಿಂದ ಎಳ್ಕತದೆ, ಭಾವ.”

ಎಳೆದುಕೊಂಡಿತು. ಮೊದಲ ದಿನವೇ ನಡುಮನೆಯ ಗೋಡೆಯ ಸುಣ್ಣ ಮಾಯವಾಯಿತು. ಮರುದಿನ ಗೌಡರ ಹೆಂಡತಿ ಸುಂದ್ರಮ್ಮನ ರಂಗೋಲಿ ಪುಡಿ ಹೋಯಿತು. ಮೂರನೇ ದಿನ ಪಕ್ಕದ ಮನೆಯ ಮೇಷ್ಟ್ರು ಮುರಿದ ಕಾಲಿನ ಪ್ಲಾಸ್ಟರನ್ನು ಹುಡುಕಿಕೊಂಡು ಕುಂಟುತ್ತ ಬಂದರು.

“ಆಫ್ ಮಾಡ್ಲಾ ಅದನ್ನ,” ಎಂದು ಸುಂದ್ರಮ್ಮ ತಮ್ಮನನ್ನು ಗದರಿದಳು.

“ಮೂಳೆವೊಳ್ಗೇ ಸೇರ್ಕಬುಟ್ಟದೆ ಕನಕ್ಕ. ಸ್ವಿಚ್ ಇಡೋದೂ ಮರ್ತೋಗದೆ.”

“ನನ್ನ ಮಾನ ಕಳಿಯಕ್ಕೇ ಹುಟ್ಟಿದ್ದೀಯ ನೀನು.”

ಗೌಡರು ಮಾತ್ರ ಖುಷಿಯಲ್ಲಿದ್ದರು. ಶನಿವಾರ ಸೆಟ್ಟು ಅಲುಗದೆ ಕೂತಿತ್ತು. ಅಂದು ಅವರು ಎರಡು ಕೋಡುಬಳೆ ಕಡಿದು, ಕಡಿದ ಸದ್ದನ್ನು ಹೆಂಡತಿಗೂ ಕೇಳಿಸಿದರು.

ಭಾನುವಾರ ಬೀಗರು ದಾಸೇಗೌಡರು ಪಕ್ಕದಲ್ಲೇ ಕೂತರು. ಎಲೆಗೆ ಮುದ್ದೆ ಬಂತು, ಮಟನ್ ಸಾರು ಬಂತು. ದಾಸೇಗೌಡರು ನಲ್ಲಿಮೂಳೆಗೆ ಕೈಹಾಕಿದರೆ ಸಿಕ್ಕಿದ್ದು ಬರೀ ಮಾಂಸ. ಅತ್ತ ಪಂಕ್ತಿಯಲ್ಲಿ ಒಬ್ಬರು, “ಇದೇನ್ರೀ, ಸೋಯಾನಾ?” ಎಂದರು. ಇನ್ನೂರು ಎಲೆಯ ಮೂಳೆ ಚೆಲುವೇಗೌಡರ ದವಡೆ ಸೇರಿ, ದವಡೆ ಉಬ್ಬುತ್ತಿತ್ತು. ಗೌಡರು ಎರಡೂ ಕೈಯಲ್ಲಿ ಬಾಯಿ ಅದುಮಿಕೊಂಡರು. ಪ್ರಯೋಜನವಾಗಲಿಲ್ಲ. ಸೆಟ್ಟು ಚಿಮ್ಮಿ ಹೋಗಿ ದಾಸೇಗೌಡರ ಮುದ್ದೆಯ ಮೇಲೆ ಕೂತಿತು!

ಪಂಕ್ತಿ ಪೂರಾ ಕತ್ತು ಚಾಚಿ ನೋಡಿತು. ಬಡಿಸುತ್ತಿದ್ದ ಚಂದ್ರಿಕಾಳ ಕಣ್ಣು ತುಂಬಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಗೌಡರಿಗೆ.

ದಾಸೇಗೌಡರು ಸೆಟ್ಟನ್ನು ನೋಡಿದರು. ಆಮೇಲೆ ನಿಧಾನವಾಗಿ ತಮ್ಮ ಬಾಯಿಗೆ ಕೈಹಾಕಿ, ತಮ್ಮ ಸೆಟ್ಟನ್ನೂ ತೆಗೆದು ಅದರ ಪಕ್ಕದಲ್ಲಿಟ್ಟರು.

“ನಂದೂ ನಿಲ್ಲಾಕಿಲ್ಲ ಬೀಗ್ರೇ. ಮೂಳೆ ಕಡಿಯೋದು ಹೆಂಗಪ್ಪಾ ಅಂತ ವಾರದಿಂದ ನಿದ್ದೆ ಇಲ್ಲ. ಮೂಳೆ ಇಲ್ಲದ ಬಾಡು ಮಾಡ್ಸಿ ನನ್ನ ಮಾನ ಉಳಿಸ್ದ್ರಿ. ಇನ್ನೊಂದು ಸೌಟು ಹಾಕವ್ವಾ ಮಗ,” ಎಂದರು ಸೊಸೆಗೆ. ಚಂದ್ರಿಕಾ ಅಳುತ್ತ ನಗುತ್ತ ಎರಡು ಸೌಟು ಹಾಕಿದಳು.

ಸೋಮವಾರ ಎಕ್ಸ್‌ರೇ ನೋಡಿದ ಡಾಕ್ಟರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. “ಮೂಳೆ ಬೇಕಾದ್ದಕ್ಕಿಂತ ಮೂರು ಪಟ್ಟು ಇದೆ. ಕೆತ್ತಿ ತೆಗೀಬೇಕು, ಆ ಯಂತ್ರಾನೂ ಸೇರಿಸಿ.”

“ತೆಗ್ದಿದ್ದನ್ನ ಬಿಸಾಕ್ಬೇಡಿ ಡಾಕ್ಟ್ರೇ,” ಎಂದ ಶಿವನಂಜು, “ನಮ್ಮ ಬೀಗ್ರು ಆಚೆ ಕಾಯ್ತಾ ಕೂತವ್ರೆ.”